ಹದಿನಾರಕ್ಕೆ ಸ್ಕೂಟರ್ ಯಾರ ಹಿತಕ್ಕೆ?

ನಮ್ಮ ಹಿರಿಯರು ಷೋಡಶ ಸಂಸ್ಕಾರಗಳನ್ನು ಎಣಿಸಿ ಹೋದರು. ಪುಣೆಗೆ ಬಂದು ನೆಲೆಸಿದ ನಮ್ಮವರು ಅದಕ್ಕೆ ಹದಿನೇಳನೆಯದೊಂದನ್ನು ಸೇರಿಸಿದ್ದಾರೆ. ಹತ್ತನೆಯ ತರಗತಿಯ ಫಲಿತಾಂಶ ಬಂದು ಜೂನಿಯರ್ ಕಾಲೇಜಿನ ಪ್ರವೇಶ ಮುಗಿಯುವುದೇ ತಡ, ಷೋರೂಮಿನ ಮುಂದೆ ಹೊಸ ಸ್ಕೂಟರಿಗೆ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಹದಿನಾರರ ಮಗನ ಕೈಗೆ ಕೀಲಿಕೈ ಒಪ್ಪಿಸುವ ಸಂಸ್ಕಾರವದು. ಫೋಟೋ ವಾಟ್ಸಾಪ್ ಗುಂಪಿಗೆ ಬರುತ್ತದೆ, ಅದರ ಕೆಳಗೆ ಅಭಿನಂದನೆಗಳ ಸಾಲು. ಲೈಸೆನ್ಸ್ ಎಲ್ಲಿ ಎಂದು ಕೇಳುವವರು ಒಬ್ಬರೂ ಇಲ್ಲ. ಕೇಳಿದರೆ ಅಪಶಕುನ ನುಡಿದಂತೆ!

ಕಾರಣಗಳು ಬಾಯಲ್ಲೇ ಸಿದ್ಧವಾಗಿರುತ್ತವೆ. ಕ್ಲಾಸು ದೂರ, ಬಸ್ಸು ಹೊತ್ತಿಗೆ ಬರುವುದಿಲ್ಲ, ತಂದೆತಾಯಿ ಇಬ್ಬರೂ ನೌಕರಿಗೆ ಹೋಗುವವರು. ಇವೆಲ್ಲ ನಿಜವೇ. ಬಸ್ಸಿನ ಕೊರತೆಗೆ ನಗರಪಾಲಿಕೆಯನ್ನು ಕೇಳಬೇಕು, ಇಲ್ಲವೇ ಹತ್ತಿರದ ಕ್ಲಾಸು ಹುಡುಕಬೇಕು. ಅದನ್ನು ಬಿಟ್ಟು ಹುಡುಗನ ತಲೆಯನ್ನು ಪಣಕ್ಕಿಡುವುದು ಯಾವ ಲೆಕ್ಕ? ಇನ್ನು ಕೆಲವರದು ಕಾರಣವಲ್ಲ, ಹೆಮ್ಮೆ. “ನಮ್ಮ ಹುಡುಗ ಹನ್ನೆರಡಕ್ಕೇ ಊರಾಗ ಟ್ರ್ಯಾಕ್ಟರ್ ಹೊಡದಾನ್ರೀ!” ಹೊಡೆದಿರಬಹುದು. ಹೊಲದ ದಾರಿಯಲ್ಲಿ ಎದುರಿಗೆ ಬರುವುದು ಹೆಚ್ಚೆಂದರೆ ಒಂದು ಎಮ್ಮೆ. ಸಂಜೆ ಏಳು ಗಂಟೆಗೆ ಸಿಂಹಗಡ ರಸ್ತೆಯಲ್ಲಿ ಏನೇನು ಬರುತ್ತದೆಂಬುದನ್ನು ನಾವು ವರ್ಣಿಸಬೇಕಾಗಿಲ್ಲ.

ಕಾನೂನು ಈ ವಿಷಯದಲ್ಲಿ ಮಬ್ಬಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದೆ ವಾಹನ ನಡೆಸುವಂತಿಲ್ಲ. ಹದಿನಾರಕ್ಕೆ ಸಿಗುವ ರಿಯಾಯಿತಿ ಗೇರಿಲ್ಲದ, 50 ಸಿಸಿ ಮೀರದ ಬಂಡಿಗೆ ಮಾತ್ರ. 1972ರಲ್ಲಿ ಬಂದ ಲೂನಾದಂಥ ಮೊಪೆಡ್ಡುಗಳ ಕಾಲಕ್ಕೆ ಆ ಮಾತಿಗೆ ಅರ್ಥವಿತ್ತು. ಇಂದು ಹಾರ ಹಾಕಿಸಿಕೊಳ್ಳುವ ಪೆಟ್ರೋಲ್ ಸ್ಕೂಟರುಗಳು 110, 125 ಸಿಸಿಯವು. “ಗೇರಿಲ್ಲವಲ್ಲ, ನಡೆಯುತ್ತದೆ” ಎನ್ನುವವರು ಕಲಮಿನ ಅರ್ಧವನ್ನಷ್ಟೇ ಓದಿದವರು.

2019ರ ತಿದ್ದುಪಡಿ ಇನ್ನೂ ಮುಂದೆ ಹೋಗಿದೆ. ಅಪ್ರಾಪ್ತ ವಯಸ್ಕ ಅಪರಾಧ ಮಾಡಿದರೆ ಪಾಲಕನೋ ವಾಹನದ ಮಾಲೀಕನೋ ಅಪರಾಧಿಯೆಂದೇ ಭಾವಿಸಲಾಗುತ್ತದೆ. ಮೂರು ವರ್ಷಗಳವರೆಗೆ ಸೆರೆ, ಜೊತೆಗೆ 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ತನಗೆ ತಿಳಿಯದೆ ನಡೆಯಿತು, ಅಥವಾ ತಡೆಯಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ ಎಂದು ತಂದೆಯೇ ಸಾಬೀತು ಮಾಡಬೇಕು. ಷೋರೂಮಿನ ಮುಂದೆ ತೆಗೆಸಿಕೊಂಡ ಫೋಟೋ ಆಗ ಯಾರ ಪರ ಸಾಕ್ಷಿ ಹೇಳೀತು? ವಿಮೆಯೂ ಆಸರೆಯಲ್ಲ. ಲೈಸೆನ್ಸ್ ಇಲ್ಲದವನು ಗಾಡಿ ನಡೆಸಿದ್ದರೆ, ಪೆಟ್ಟು ತಿಂದವನಿಗೆ ಕೊಟ್ಟ ಪರಿಹಾರವನ್ನು ಕಂಪನಿ ಮಾಲೀಕನಿಂದ ವಸೂಲು ಮಾಡಬಹುದು. ನಮ್ಮಂಥ ಕೇಂದ್ರ ಸರ್ಕಾರದ ಗುಮಾಸ್ತರಿಗೆ ಇನ್ನೊಂದು ಮಾತು: 48 ಗಂಟೆ ಮೀರಿ ಕಸ್ಟಡಿಯಲ್ಲಿದ್ದರೆ 1965ರ ನಿಯಮಗಳಂತೆ ಅಮಾನತು ತಾನಾಗಿಯೇ ಬರುತ್ತದೆ.

2024ರ ಮೇ 19ರ ನಸುಕಿನಲ್ಲಿ ಇದೇ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರೊಂದು ಬೈಕಿಗೆ ಬಡಿದು ಇಬ್ಬರು ತರುಣ ಇಂಜಿನಿಯರರು ಸತ್ತರು. ಚಾಲಕನ ಸ್ಥಾನದಲ್ಲಿದ್ದವನು ಹದಿನೇಳರ ಹುಡುಗನೆಂದು ಪೊಲೀಸರು ಹೇಳಿದರು. ಬಾಲ ನ್ಯಾಯ ಮಂಡಳಿ 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತನ್ನೂ ಸೇರಿಸಿ ಜಾಮೀನು ಕೊಟ್ಟಾಗ ಊರಿಗೆ ಊರೇ ಕೆರಳಿತು. ನಮ್ಮವರೂ ಕೆರಳಿದರು, “ದುಡ್ಡಿದ್ದವರ ಮಕ್ಕಳು ಹೀಗೆಯೇ” ಎಂದರು. ಹಾಗೆಂದವರಲ್ಲಿ ಎಷ್ಟು ಜನರ ಮನೆಯ ಹುಡುಗರು ಮರುದಿನ ಬೆಳಗ್ಗೆ ಲೈಸೆನ್ಸಿಲ್ಲದೆ ಕ್ಲಾಸಿಗೆ ಹೋದರೋ! ಕಾರಿನ ಬೆಲೆ ಬೇರೆಯಿರಬಹುದು, ವಯಸ್ಸು ಅದೇ, ಕೀಲಿಕೈ ಕೊಟ್ಟ ಕೈಯೂ ತಂದೆಯದೇ.

ಬಿಎಸ್‌ಸಿಯಲ್ಲಿ ಕಲಿತ ಭೌತಶಾಸ್ತ್ರ ಕಚೇರಿಯ ಕಡತಗಳಲ್ಲಿ ನಮಗೆ ಉಪಯೋಗಕ್ಕೆ ಬಂದದ್ದಿಲ್ಲ, ಇಲ್ಲಿ ಬರುತ್ತದೆ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟು. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರು. ನಾಯಿಯೊಂದು ಅಡ್ಡ ಬಂದದ್ದನ್ನು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೆ ಬ್ರೇಕ್ ಒತ್ತುವ ಮೊದಲೇ ಅಷ್ಟು ದೂರ ಹೋಗಿಬಿಟ್ಟಿರುತ್ತೇವೆ. ಆಮೇಲೆ ಒಣ ರಸ್ತೆಯಲ್ಲೂ ನಿಲ್ಲಲು ಇನ್ನು 20 ಮೀಟರು ಬೇಕು. ಮೊದಲ ಮಳೆಗೆ ಎಣ್ಣೆ ಮೇಲೆದ್ದ ರಸ್ತೆಯಾದರೆ ಇದು ಎಷ್ಟೋ ಹೆಚ್ಚು. 40ರ ವೇಗದಲ್ಲಾದರೆ ಎಲ್ಲ ಸೇರಿ 20 ಮೀಟರಿನೊಳಗೆ ಮುಗಿಯುತ್ತದೆ. 60ರ ವೇಗದಲ್ಲಿ ಗೋಡೆಗೆ ಬಡಿಯುವುದೆಂದರೆ 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕನೆಯ ಮಹಡಿಗೂ ಮೇಲಿನಿಂದ ಬಿದ್ದಂತೆ. ಆ ಮಹಡಿಯ ಬಾಲ್ಕನಿಗೆ ಜಾಲರಿ ಹಾಕಿಸುವ ತಂದೆ ಮಗನನ್ನು ಹೆಲ್ಮೆಟ್ ಇಲ್ಲದೆ ಕಳಿಸುತ್ತಾನೆ!

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಹೆಲ್ಮೆಟ್ ಧರಿಸದೆ ಸತ್ತವರೇ 50,000ಕ್ಕೂ ಹೆಚ್ಚು. ಹೆಲ್ಮೆಟ್ಟಿಗೆ ಪ್ರತಿಭಟನೆ ನಡೆಸಿದ ಊರು ನಮ್ಮದು. ಸ್ಥಳೀಯರಿಂದ ಕಲಿಯಬೇಕಾದ ಒಳ್ಳೆಯ ಗುಣಗಳು ಬೇಕಾದಷ್ಟಿವೆ, ಇದೊಂದನ್ನೇ ಇಷ್ಟು ಬೇಗ ಕಲಿಯಬೇಕಾಗಿರಲಿಲ್ಲ.

ಹಾಗಾದರೆ ಹುಡುಗರು ಕಲಿಯುವುದೇ ಬೇಡವೇ ಎಂದು ಕೇಳುತ್ತಾರೆ. ಬೇಡವೆಂದವರಾರು? ಹದಿನಾರರಿಂದ ಹದಿನೆಂಟರವರೆಗಿನ ಎರಡು ವರ್ಷ ಕಲಿಕೆಗೇ ಇದೆ, ಸ್ಕೂಟರಿನ ಮೇಲಲ್ಲ, ಸೈಕಲ್ಲಿನ ಮೇಲೆ. ಒಂದು ಕಾಲಕ್ಕೆ ಪುಣೆಗೆ ಸೈಕಲ್ಲುಗಳ ಊರೆಂದೇ ಹೆಸರಿತ್ತು. ತಿರುಗುವ ಮೊದಲು ಕೈ ತೋರಿಸುವುದು, ಬಸ್ಸಿನ ಎಡಗಡೆ ನುಸುಳದಿರುವುದು, ನಿಂತ ರಿಕ್ಷಾದ ಬಾಗಿಲಿಂದ ಯಾರಾದರೂ ಇಳಿದಾರೆಂಬ ಎಚ್ಚರ, ಇವು ಸೈಕಲ್ಲಿನಲ್ಲೇ ಬರುತ್ತವೆ. ತಂದೆಯ ಹಿಂದೆ ಕುಳಿತಾಗ ರಸ್ತೆಯನ್ನು ಬಾಯಿಬಿಟ್ಟು ಓದಿಸಬೇಕು: ಮುಂದೆ ಏನಿದೆ, ಕನ್ನಡಿಯಲ್ಲಿ ಏನಿದೆ, ಆ ಟ್ಯಾಂಕರಿನವನಿಗೆ ನಾವು ಕಾಣುತ್ತೇವೆಯೇ? ರಜೆಗೆ ಊರಿಗೆ ಹೋಗುವ ದಾರಿಯೇ ಒಂದು ಪಾಠಶಾಲೆ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಗಿಳಿಯುವ ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಲಾರಿಗಳನ್ನು ನ್ಯೂಟ್ರಲ್‌ಗೆ ಹಾಕಿ, ಬ್ರೇಕು ಕಾದು ಸೋತು, ಎಷ್ಟು ಜನ ಸತ್ತಿದ್ದಾರೆಂಬುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಇಳಿಜಾರಿನಲ್ಲಿ ಗೇರು ಏಕೆ ಬಿಡಬಾರದೆಂದು ಹುಡುಗನಿಗೆ ಹೇಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹದಿನೆಂಟಾದ ಮೇಲೆ ಲರ್ನರ್ ಲೈಸೆನ್ಸ್. ಮಹಾರಾಷ್ಟ್ರದಲ್ಲಿ ಅದರ ಪರೀಕ್ಷೆಯನ್ನು 2021ರಿಂದ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಕೊಡಬಹುದು. ದಯವಿಟ್ಟು ತಂದೆಯವರು ಆ ಹೊತ್ತಿನಲ್ಲಿ ವಾಕಿಂಗಿಗೆ ಹೋಗಲಿ. ಪಕ್ಕಾ ಲೈಸೆನ್ಸಿಗೆ ಅರ್ಜಿ ಹಾಕಲು ಕಾನೂನು ಕೇಳುವುದು 30 ದಿನ. ಆದರೆ ಲರ್ನರ್ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, ಆ ಆರು ತಿಂಗಳನ್ನೂ ಬಳಸಬೇಕೆಂಬುದು ನಮ್ಮ ವಾದ. ಜೂನಿನಲ್ಲಿ ಆರಂಭಿಸಿದರೆ ಮಳೆಯೂ ಸಿಗುತ್ತದೆ, ಬೇಗ ಕತ್ತಲಾಗುವ ನವೆಂಬರೂ ಸಿಗುತ್ತದೆ. ಎರಡು ಬ್ರೇಕನ್ನೂ ಒಟ್ಟಿಗೆ ಒತ್ತುವುದನ್ನು ಖಾಲಿ ಮೈದಾನದಲ್ಲಿ ನೂರು ಸಲ ಮಾಡಿಸಿ. ಹೆಣ್ಣುಮಕ್ಕಳಿಗೂ ಇದೇ ಪಾಠ. ಮಗನ ಹಿಂದೆ ತಿಂಗಳುಗಟ್ಟಲೆ ಓಡಿ, ಮಗಳನ್ನು ನಾಲ್ಕು ದಿನದಲ್ಲಿ “ಬಂತಲ್ಲ, ಹೋಗು” ಎಂದು ರಸ್ತೆಗೆ ಬಿಡುವವರನ್ನೂ ನೋಡಿದ್ದೇವೆ.

ಸಂಘದ ಕಾರ್ಯಕಾರಿ ಸಮಿತಿಗೆ ನಾವು ಒಂದು ಪತ್ರ ಕೊಟ್ಟಿದ್ದೇವೆ. ರಾಜ್ಯೋತ್ಸವದ ದಿನ ವಾಹನ ನಿಲ್ಲಿಸುವ ಜಾಗದಲ್ಲಿ ಸ್ವಯಂಸೇವಕರು ಎಳೆಯ ಸವಾರರ ಲೈಸೆನ್ಸ್ ನೋಡಲಿ, ಇಲ್ಲದವರ ಕೀಲಿಕೈ ಪಡೆದು ತಂದೆಯ ಕೈಗೇ ಕೊಡಲಿ ಎಂದು ಅದರಲ್ಲಿದೆ. ಹತ್ತನೆಯ ತರಗತಿಯ ಬಹುಮಾನಗಳಲ್ಲಿ ಈ ಸಲ ಸ್ಟೀಲ್ ಡಬ್ಬಿಯ ಬದಲು ಐಎಸ್‌ಐ ಗುರುತಿನ ಹೆಲ್ಮೆಟ್ ಇರಲಿ ಎಂದೂ ಬರೆದಿದ್ದೇವೆ. ಮೊದಲನೆಯದು ಅತಿಯಾಯಿತೆಂದು ಸಮಿತಿಯ ಕೆಲವರ ಅಭಿಪ್ರಾಯವಂತೆ. ಅವರ ವಾದವನ್ನು ಮುಂದಿನ ಸಂಚಿಕೆಯಲ್ಲಿ ಹೆಸರು ಹಾಕಿ ಬರೆಯಲಿ, ಉತ್ತರ ಕೊಡಲು ನಾವು ಸಿದ್ಧ.