ಅಂದಾಜಿನ ಮಸಿ, ಅಂದಾಜಿನ ಗದ್ಯ

ಹಲಗಲಿಯ ಬೇಡರನ್ನು ಸ್ಮರಿಸದ ಕನ್ನಡ ಸಭೆ ಕಡಿಮೆ. 1857ರಲ್ಲಿ ಕಂಪನಿ ಸರ್ಕಾರವು ಆಯುಧಗಳನ್ನು ಒಪ್ಪಿಸಿರೆಂದಾಗ ಮುಧೋಳ ಸೀಮೆಯ ಆ ವೀರರು ಒಪ್ಪದೆ ಹೋರಾಡಿ ಮಡಿದರೆಂದು ಹೇಳುವಾಗ ನಮ್ಮ ಕಂಠ ಗದ್ಗದವಾಗುತ್ತದೆ. ಆದರೆ ಬಾಯಿಂದ ತುಂಬುವ ಕೋವಿಯನ್ನು ತುಂಬುವುದು ಹೇಗೆಂದು ಕೇಳಿ ನೋಡಿ. ನಮ್ಮ ಗದ್ಯಕ್ಕೆ ಮಾತು ಹೊರಡದು. ಮಸಿ ಸುರಿದ, ಗುಂಡು ಜಡಿದ, ಹಾರಿಸಿದ ಎಂದು ಬರೆದು ಕಾದಂಬರಿಕಾರ ಕೈತೊಳೆದುಕೊಳ್ಳುತ್ತಾನೆ. ಅಂಥ ಕೋವಿಯ ಗುರಿ ದೈವಾಧೀನವೆಂಬ ನಂಬಿಕೆಗೂ ಈ ಉದಾಸೀನವೇ ಗೊಬ್ಬರ. ಈ ನಂಬಿಕೆಯನ್ನು ನಾವು ಒಪ್ಪಲಾರೆವು.

ಮಲೆನಾಡು, ಕೊಡಗುಗಳ ಕೇಪಿನ ಕೋವಿ ಬಹುಪಾಲು ನುಣುಪು ನಳಿಗೆಯದು. ಚರೆಗೆ ಅದು ಸಾಕು. ಒಳಗೆ ಸುರುಳಿಯಾಗಿ ಗೀರು ಕೊರೆದ ರೈಫಲ್ ಬೇರೆಯೇ ಜಾತಿ. ಅರ್ಧ ಅಂಗುಲದ ನಳಿಗೆಗೆ 0.490 ಅಂಗುಲದ ಮೆದು ಸೀಸದ ಗುಂಡು. ಉಳಿದ ಸಂದನ್ನು ತುಂಬುವುದು ಕೊಬ್ಬು ಇಲ್ಲವೆ ಜೇನುಮೇಣ ಸವರಿದ, ಸುಮಾರು 0.015 ಅಂಗುಲ ದಪ್ಪದ ಹತ್ತಿ ಬಟ್ಟೆ. ಗೀರುಗಳು ಹಿಡಿಯುವುದು ಬಟ್ಟೆಯನ್ನು. ಗುಂಡನ್ನು ತಿರುಗಿಸುವುದು ಬಟ್ಟೆ. ನಳಿಗೆ ದಾಟಿದೊಡನೆ ಅದು ಕಳಚಿ ಬೀಳುತ್ತದೆ.

ಇಲ್ಲಿ ದೈವಕ್ಕೆ ಜಾಗವೆಲ್ಲಿ? ಬಲ್ಲವನು ಇಂಥ ನಳಿಗೆಗೆ 50 ಗ್ರೇನ್ ಕಪ್ಪು ಮಸಿಯಿಂದ ತೊಡಗಿ, ತಯಾರಕನ ಮಿತಿಯೊಳಗೆ ಐದೈದು ಗ್ರೇನ್ ಏರಿಸುತ್ತಾನೆ. ಮಸಿ ಬದಲಿಸುವಾಗ ಬಟ್ಟೆ ಬದಲಿಸನು. ಬಟ್ಟೆ ಬದಲಿಸುವಾಗ ಮಸಿ ಮುಟ್ಟನು. ಪ್ರತಿ ಅಳತೆಗೂ ಐದು ಈಡು, ಈಡಿಗೊಮ್ಮೆ ನಳಿಗೆ ಒರೆಸುವುದು. ಅನಂತರ ಮುಂದೆ ನಡೆದು, ಬಿದ್ದ ಬಟ್ಟೆಗಳನ್ನು ಹೆಕ್ಕಿ ಓದುತ್ತಾನೆ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಇಲ್ಲವೆ ಜಿಡ್ಡು ಸಾಲದು. ಕತ್ತರಿಸಿದಂತೆ ಸೀಳಿದ್ದರೆ ನಳಿಗೆಯ ಅಂಚು ಹರಿತ. ಗುಂಡು ಮಸಿಗೆ ತಾಗಿ ಕೂರದೆ ನಡುವೆ ಜಾಗ ಉಳಿದರೆ ನಳಿಗೆಯೇ ಸಿಡಿಯಬಹುದು. ಆದ್ದರಿಂದಲೇ ಜಡಿಯುವ ಕೋಲಿನ ಮೇಲೆ ಗುರುತು ಕೊರೆಯುತ್ತಾರೆ. ಐದೂ ಈಡುಗಳು ಒತ್ತಟ್ಟಿಗೆ ಬಿದ್ದ ಅಳತೆಯೇ ಆ ಕೋವಿಯ ಅಳತೆ. ಪಕ್ಕದ ಕೋವಿಗೆ ಅದು ಒಗ್ಗದಿರಬಹುದು.

ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಫೆನಿಮೋರ್ ಕೂಪರನ ನಾಯಕನ ಉದ್ದ ರೈಫಲನ್ನು ಪ್ರತೀಕವೆಂದು ಬಿಡಿಸಿ ಬಿಡಿಸಿ ಬರೆದವರು ನಾವು. ಅದಕ್ಕೆ ಬಟ್ಟೆಯೂ ಬೇಕೆಂದು ಯಾವ ಟಿಪ್ಪಣಿಯೂ ನಮಗೆ ಹೇಳಲಿಲ್ಲ!

ಕೋವಿಯ ಮಾತು ಹಿಂಸೆಯ ಮಾತೆಂದು ಮೂಗು ಮುರಿಯುವವರಿದ್ದಾರೆ. ಕೈಲ್‌ಪೊಳ್ದಿನಲ್ಲಿ ಕೊಡವರು ಗುರಿಯಿಡುವುದು ತೆಂಗಿನಕಾಯಿಗೆ. ಯಂತ್ರ ವಿವರ ಸಾಹಿತ್ಯವಲ್ಲವೆನ್ನುವವರು ತೇಜಸ್ವಿಯವರನ್ನು ಮರಳಿ ಓದಲಿ; ಕೋವಿ, ಗಾಳ, ಜೇನುಪೆಟ್ಟಿಗೆಗಳು ಅವರಲ್ಲಿ ಅಲಂಕಾರಕ್ಕೆ ಬಂದವಲ್ಲ.

1869ರಿಂದ ಮದ್ದುಗುಂಡಿನ ಕಾರ್ಖಾನೆಯಿರುವ ಖಡಕಿಯ ಈ ಊರಿನಲ್ಲಿ ಅಳತೆ ಬಲ್ಲ ಕನ್ನಡಿಗರಿಗೆ ಬರವಿರಲಾರದು. ಅವರು ಅದನ್ನು ಕನ್ನಡದಲ್ಲಿ ಬರೆಯುವುದಿಲ್ಲ, ನಾವು ಕೇಳುವುದೂ ಇಲ್ಲ. ಅತ್ತ ಮಲೆನಾಡಿನಲ್ಲಿ ಚುನಾವಣೆ ಬಂದಾಗಲೆಲ್ಲ ಬೆಳೆಗಾರರ ಕೋವಿಗಳು ಠಾಣೆ ಸೇರುತ್ತವೆ. ಕೆಲವು ಮನೆಗಳವರು ಬೇಸತ್ತು ಪರವಾನಗಿಯನ್ನೇ ಕೈಬಿಡುತ್ತಾರೆ. ಜೊತೆಗೆ ಅಜ್ಜನ ಮಸಿ ಅಳೆಯುವ ಕೊಂಬೂ ಅಟ್ಟ ಸೇರುತ್ತದೆ. ರಜೆಗೆ ಊರಿಗೆ ಹೋಗುವ ಬಳಗದವರು ಈ ಬಾರಿ ಆ ಕೊಂಬಿನಲ್ಲಿ ಎಷ್ಟು ಗ್ರೇನ್ ಹಿಡಿಯುತ್ತದೆಂದು ಅಳೆದು, ಯಾವ ಬಟ್ಟೆ, ಯಾವ ಜಿಡ್ಡು ಎಂದು ಹಿರಿಯರ ಮಾತಿನಲ್ಲಿಯೇ ಬರೆದು ಕಳುಹಿಸಲಿ. ಕವಿತೆಗಳು ಒಂದು ತಿಂಗಳು ತಡೆದಾವು.