ಹನ್ನೊಂದು ಗಂಟೆಯ ಸಭೆ

(ಅಂತಿಮ ಬಿ. ಎ. ವಿದ್ಯಾರ್ಥಿನಿ)

ಕಾಲೇಜಿನ ವಾರ್ಷಿಕ ಸಂಚಿಕೆಗೆ ನಗರಸಭೆಯ ಆಯವ್ಯಯದ ವಿಷಯವಾಗಿ ಬರೆಯುತ್ತೇನೆಂದಾಗ ಗೆಳತಿಯರು ನಕ್ಕರು. ಬರೆಯುವುದಕ್ಕೆ ಬೆಳದಿಂಗಳಿದೆ, ಪ್ರವಾಸವಿದೆ, ವಿದ್ಯಾರ್ಥಿಗಳ ಶಿಸ್ತಿದೆ. ಚರಂಡಿಯ ಲೆಕ್ಕ ನಿನಗೇಕೆ ಎಂದರು. ಅವರ ಮಾತು ಸುಳ್ಳಲ್ಲ. ಆದರೆ ಬೆಳದಿಂಗಳನ್ನು ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿಯೇ ನಾಲ್ಕು ಮಂದಿ ಇದ್ದಾರೆ. ನಾನು ಬಲ್ಲದ್ದನ್ನು ನಾನು ಬರೆಯುತ್ತೇನೆ, ವಾಚಕರು ಮನ್ನಿಸಬೇಕು.

ಏಪ್ರಿಲ್ 1ರಿಂದ ಮರುವರ್ಷದ ಮಾರ್ಚ್ 31ರವರೆಗೆ ನಮ್ಮ ಊರು ಯಾವ ಕೆಲಸಕ್ಕೆ ಎಷ್ಟು ಹಣ ವೆಚ್ಚಮಾಡಬೇಕೆಂಬುದು ಒಂದು ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ರಾಜ್ಯಶಾಸ್ತ್ರದ ಗುರುಗಳು ಅದನ್ನು ತಂದು ಓದಿರೆಂದು ನಮಗೆ ಹೇಳಿದ್ದರು. ನಾನು ಎರಡು ವರ್ಷಗಳ ಪ್ರತಿಗಳನ್ನು ಸಂಪಾದಿಸಿ ಮನೆಗೆ ಒಯ್ದೆ. ನನ್ನ ತಾಯಿ ಹಳೆಯ ಬಸ್ ನಿಲ್ದಾಣದ ಪಕ್ಕದಲ್ಲಿ ಸೊಪ್ಪು ಮಾರುತ್ತಾಳೆ. ಅವಳಿಗೆ ಅಕ್ಷರ ಬಾರದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಒಲೆಯ ಮುಂದೆ ಕುಳಿತೇ ಅವಳು ಕೇಳಿದಳು: "ಅದರಲ್ಲಿ ನಮ್ಮ ವಿಚಾರ ಏನು ಬರೆದವರೆ?"

ಹುಡುಕಿದೆ. ವಾಣಿಜ್ಯ ಮಳಿಗೆಗಳಿಗೆ ಸಾಕಷ್ಟು ಪುಟಗಳು ಮೀಸಲಾಗಿದ್ದವು. ವೃತ್ತಗಳ ಸೌಂದರ್ಯೀಕರಣ, ಉದ್ಯಾನ, ಕಚೇರಿಯ ದುರಸ್ತಿ ಎಲ್ಲವೂ ಇದ್ದವು. ಬೀದಿ ಬದಿಯ ವ್ಯಾಪಾರಿಗಳ ಹೆಸರಿನಲ್ಲಿ ಒಂದೇ ಒಂದು ಸಾಲು. ಹಿಂದಿನ ವರ್ಷದ ಪುಸ್ತಕದಲ್ಲಿಯೂ ಅದೇ ಸಾಲು, ಅದೇ ಮೊತ್ತ; ಅದರ ಎದುರಿಗೆ ವೆಚ್ಚದ ಅಂಕಣದಲ್ಲಿ ಸೊನ್ನೆ. "ಒಂದು ಸಾಲು ಐತೆ" ಎಂದೆ. "ಹಂಗಾರೆ ಮರೆತಿಲ್ಲ ಬಿಡು" ಎಂದು ಅವಳು ಒಲೆ ಊದಿದಳು. ಸೊನ್ನೆಯ ಸಂಗತಿಯನ್ನು ಅಂದು ನಾನು ಹೇಳಲಿಲ್ಲ.

ಊರಿನ ಅಭ್ಯುದಯಕ್ಕೆ ಯೋಜನೆ ಬೇಕೆಂಬ ವಿಚಾರ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ 1911ರಷ್ಟು ಹಿಂದೆಯೇ ಆರ್ಥಿಕ ಸಮ್ಮೇಳನವೊಂದು ಏರ್ಪಟ್ಟು, ಅಧಿಕಾರಿಗಳೂ ಅಧಿಕಾರಿಗಳಲ್ಲದವರೂ ಒಂದೆಡೆ ಕುಳಿತು ವಿದ್ಯೆ, ಬೇಸಾಯ, ಕೈಗಾರಿಕೆಗಳನ್ನು ಕುರಿತು ಚರ್ಚಿಸಿದರು; ಅದರ ಹಿಂದಿನ ಪ್ರೇರಣೆ ವಿಶ್ವೇಶ್ವರಯ್ಯನವರದು. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ ಪೌರಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿಯೊಂದು ಹನ್ನೆರಡನೆಯ ಅನುಸೂಚಿಯಾಗಿ ಸೇರಿತು. ಆ ಪಟ್ಟಿಯಲ್ಲಿ ಮೂರನೆಯದೇ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ. ನೀರು, ನೈರ್ಮಲ್ಯಗಳೂ ಅದರ ಅನಂತರವೇ ಬರುತ್ತವೆ. ಬಡತನ ನಿವಾರಣೆ ಇದೆ, ಬೀದಿದೀಪ ಇದೆ, ಸಾರ್ವಜನಿಕ ಶೌಚಾಲಯವೂ ಇದೆ.

ಈ ಶೌಚಾಲಯದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೊಪ್ಪು ಮಾರುವ ಹೆಂಗಸರು ಬೆಳಗಿನ ಜಾವ ನಾಲ್ಕಕ್ಕೆ ಸಗಟು ಮಾರುಕಟ್ಟೆಗೆ ಹೋಗುತ್ತಾರೆ. ಮನೆ ಮುಟ್ಟುವುದು ಮಧ್ಯಾಹ್ನ ಎರಡಕ್ಕೆ. ಆ ಹತ್ತು ಗಂಟೆಗಳಲ್ಲಿ ನನ್ನ ತಾಯಿ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲವೆಂದಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಸೊಪ್ಪಿನ ಮೇಲೆ ಮಾತ್ರ ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಿರುತ್ತಾಳೆ. ನಾನು ಹೈಸ್ಕೂಲಿನಲ್ಲಿದ್ದಾಗ ರಜೆಯ ದಿನಗಳಲ್ಲಿ ಅವಳ ಜೊತೆಗೆ ಕುಳಿತು ಇದನ್ನು ಕಲಿತೆ. ಮೂರನೆಯ ದಿನಕ್ಕೆ ನಾನೂ ನೀರು ಬಿಟ್ಟೆ. ಆರ್ಥಿಕ ಅಭಿವೃದ್ಧಿ ಎಂಬ ಮಾತನ್ನು ತರಗತಿಯಲ್ಲಿ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ತಂಬಿಗೆ.

ಜನವರಿಯಲ್ಲಿ ಆಯವ್ಯಯದ ಪೂರ್ವಭಾವಿ ಸಭೆಗೆ ಸಾರ್ವಜನಿಕರೆಲ್ಲರಿಗೂ ಸ್ವಾಗತವೆಂಬ ಪ್ರಕಟಣೆ ಕಚೇರಿಯ ಫಲಕದಲ್ಲಿತ್ತು. ಒಂದು ದಿನದ ಪಾಠ ಬಿಟ್ಟು ಹೋದೆ. (ಹಾಜರಿ ಹೋಯಿತೆಂದು ಯಾರೂ ದೂರಬಾರದು, ರಾಜ್ಯಶಾಸ್ತ್ರದ ಪಾಠವೇ ಅಲ್ಲಿ ನಡೆಯುತ್ತಿತ್ತು.) ಸಭೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಮುಂದಿನ ಸಾಲಿನಲ್ಲಿ ವರ್ತಕರು, ಗುತ್ತಿಗೆದಾರರು, ನಿವೃತ್ತ ಅಧಿಕಾರಿಗಳು, ಹಿಂದೆ ಪತ್ರಕರ್ತರು. ಒಬ್ಬ ಹಿರಿಯರು ಉದ್ಯಾನದಲ್ಲಿ ನಡೆದಾಡುವ ಹಾದಿ ಬೇಕೆಂದರು. ಇನ್ನೊಬ್ಬರು ವೃತ್ತದಲ್ಲಿ ಕಾರಂಜಿ ಬೇಕೆಂದರು. ಮತ್ತೊಬ್ಬರು ಪಾದಚಾರಿ ಮಾರ್ಗದ ವ್ಯಾಪಾರಿಗಳನ್ನು ಎಬ್ಬಿಸಿ ಊರನ್ನು ಸುಂದರಗೊಳಿಸಬೇಕೆಂದರು. ಕೆಲವರು ಚಪ್ಪಾಳೆ ತಟ್ಟಿದರು. ಅವರ್ಯಾರೂ ಕೆಟ್ಟವರಲ್ಲ. ತಮಗೆ ಬೇಕಾದುದನ್ನು ಕೇಳಿದರು, ಅಷ್ಟೆ. ಎಬ್ಬಿಸಬೇಕಾದವರು ಮಾತ್ರ ಅಲ್ಲಿರಲಿಲ್ಲ. ಹನ್ನೊಂದು ಗಂಟೆಗೆ ಅವರು ಬರುವುದು ಹೇಗೆ? ಅದು ವ್ಯಾಪಾರದ ಹೊತ್ತು. ಕಛೇರಿಯ ಕುರ್ಚಿ ಮರುದಿನವೂ ಇರುತ್ತದೆ, ಕೊತ್ತಂಬರಿ ಇರುವುದಿಲ್ಲ.

ನಾನು ಎದ್ದು ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಈ ಲೇಖನದಲ್ಲಿ ಕೊಂಚ ಬಿಸಿ ಕಂಡರೆ ಅದರಲ್ಲಿ ಅರ್ಧ ನನ್ನ ಮೇಲಿನ ಸಿಟ್ಟೇ.

ಆಮೇಲೆ ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ ಕಾನೂನು 2014ರಲ್ಲಿಯೇ ಬಂದಿದೆ. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯೊಂದು ಇರತಕ್ಕದ್ದು. ಅದರಲ್ಲಿ ಕನಿಷ್ಠ ಶೇಕಡ 40 ಮಂದಿ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯತಕ್ಕದ್ದು. ಅದು ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸತಕ್ಕದ್ದಲ್ಲ. ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ಸಲಹೆಗೆ ಕಾನೂನಿನ ಸಮ್ಮತಿ ಇರಲಿಲ್ಲ ಎಂದಾಯಿತು. ಇದನ್ನು ಹೇಳುವವರು ಮಾತ್ರ ಅಲ್ಲಿ ಒಬ್ಬರೂ ಇರಲಿಲ್ಲ.

ಇನ್ನೊಂದು ಸಂಗತಿ ನನಗೆ ಹೊಸದು. ಹಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆಯಲ್ಲಿ ಕುಳಿತು, ಕೊಳಾಯಿ ಏಕೆ ಬರಲಿಲ್ಲವೆಂದು ಕೂಗಾಡಬಲ್ಲರು; ಅದು ಅವರ ಹಕ್ಕು. ಪಟ್ಟಣಗಳ ವಿಷಯದಲ್ಲಿ ಸಂವಿಧಾನವು ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. ನಮ್ಮ ಊರು ಹಳ್ಳಿಯೂ ಅಲ್ಲ, ಅಷ್ಟು ದೊಡ್ಡ ನಗರವೂ ಅಲ್ಲ. ಹೊಟ್ಟೆಪಾಡಿಗೆಂದು ಹಳ್ಳಿ ಬಿಟ್ಟು ಇಲ್ಲಿಗೆ ಬಂದ ನನ್ನ ತಾಯಿ ಕೂಗಾಡುವ ಜಾಗವನ್ನೂ ಅಲ್ಲಿಯೇ ಬಿಟ್ಟು ಬಂದಳು.

ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರ ಮುಂದೆ ಇದನ್ನೆಲ್ಲ ಹೇಳಿದಾಗ ಅವರು ಶಾಂತವಾಗಿ ಆಕ್ಷೇಪಿಸಿದರು: "ಮಳಿಗೆ ಕಟ್ಟಿದರೆ ಬಾಡಿಗೆ ಬರುತ್ತದೆ. ಬಾಡಿಗೆಯಿಲ್ಲದ ನಗರಸಭೆ ಸರ್ಕಾರದ ಅನುದಾನಕ್ಕೆ ಕೈಯೊಡ್ಡಿ ನಿಲ್ಲುತ್ತದೆ. ನಿನ್ನ ಶೌಚಾಲಯಕ್ಕೂ ಹಣ ಎಲ್ಲಿಂದಲಾದರೂ ಬರಬೇಕಲ್ಲಮ್ಮ?" ಈ ಮಾತನ್ನು ನಾನು ತಳ್ಳಿಹಾಕಲಾರೆ. ಆಸ್ತಿ ತೆರಿಗೆ, ನೀರಿನ ಕರ, ಪರವಾನಗಿ, ಮಳಿಗೆಯ ಬಾಡಿಗೆ, ಇವಿಷ್ಟು ಬಿಟ್ಟರೆ ನಗರಸಭೆಗೆ ಸ್ವಂತದ ಸಂಪಾದನೆ ಹೆಚ್ಚೇನೂ ಇಲ್ಲ. ಆದರೆ ಹರಾಜಿನಲ್ಲಿ ಠೇವಣಿ ಕಟ್ಟಿ ಮಳಿಗೆ ಹಿಡಿಯುವ ಶಕ್ತಿ ಸೊಪ್ಪಿನವಳಿಗೆ ಎಂದಿಗೂ ಬಾರದು. ಅವಳಿಗೆ ಬೇಕಾದುದು ಒಂದು ಗುರುತುಮಾಡಿದ ಜಾಗ, ತಲೆಯ ಮೇಲೆ ತಗಡು, ಒಂದು ನಲ್ಲಿ, ಬಾಗಿಲು ಭದ್ರವಾಗಿರುವ ಒಂದು ಶೌಚಾಲಯ. ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಕೇಂದ್ರ ಸರ್ಕಾರ ಹತ್ತು ಸಾವಿರ ರೂಪಾಯಿಗಳ ಆರಂಭಿಕ ಸಾಲದ ಯೋಜನೆ ತಂದಿತು; ನಮ್ಮ ಸಾಲಿನಲ್ಲಿ ಅದನ್ನು ಪಡೆದವರು ಕಂತು ತಪ್ಪಿಸದೆ ತೀರಿಸಿದ್ದನ್ನು ನಾನೇ ಬಲ್ಲೆ. ಇಂಥವರ ದುಡಿಮೆಯನ್ನು ಊರಿನ ಆರ್ಥಿಕ ಅಭಿವೃದ್ಧಿಯ ಲೆಕ್ಕದಿಂದ ಹೊರಗಿಡುವುದು ಯಾವ ಶಾಸ್ತ್ರ? ಅಧ್ಯಾಪಕರು ನಕ್ಕು, "ಬರೆದು ಕೊಡು" ಎಂದರು.

ಬರೆದು ಕೊಟ್ಟೆ, ಅವರಿಗಲ್ಲ, ನಗರಸಭೆಗೆ. ಅರ್ಜಿಯಲ್ಲಿ ದೊಡ್ಡ ಬೇಡಿಕೆಗಳೇನೂ ಇಲ್ಲ. ಪೂರ್ವಭಾವಿ ಸಭೆಯನ್ನು ಸಂಜೆ ಏಳು ಗಂಟೆಗೆ, ಹಳೆಯ ಬಸ್ ನಿಲ್ದಾಣದ ಆವರಣದಲ್ಲಿ ನಡೆಸಬೇಕು; ಹಿಂದಿನ ವರ್ಷದ ಪುಸ್ತಕವನ್ನು, ಸೊನ್ನೆಗಳನ್ನೂ ಬಿಡದೆ, ಗಟ್ಟಿಯಾಗಿ ಓದಿ ಹೇಳಬೇಕು ಎಂದಷ್ಟೆ. ಮೂವತ್ತೊಂದು ಹೆಬ್ಬೆಟ್ಟುಗಳು, ಒಂಬತ್ತು ಸಹಿಗಳು. ನನ್ನ ತಾಯಿ ಹೆಬ್ಬೆಟ್ಟು ಒತ್ತುವ ಮೊದಲು, "ಆ ಸೊನ್ನೆ ವಿಚಾರ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಗದರಿಸಿದಳು.

ಸ್ವೀಕೃತಿಯ ಮುದ್ರೆ ಬಿದ್ದಿದೆ. ಉತ್ತರ ಇನ್ನೂ ಬಂದಿಲ್ಲ. ಬರುವ ಜನವರಿಯ ಹೊತ್ತಿಗೆ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಕಿರಿಯ ತರಗತಿಗಳ ಮಿತ್ರರಲ್ಲಿ ಯಾರಾದರೂ ದಿನವೂ ಆ ಕಚೇರಿಯ ಮುಂದೆ ಹಾದುಬರುವವರಿದ್ದರೆ, ಬಾಗಿಲಿನ ಎಡಗಡೆಯ ಫಲಕವನ್ನು ದಯವಿಟ್ಟು ನೋಡುತ್ತಿರಿ. ಸಭೆಯ ಪ್ರಕಟಣೆ ಕಂಡರೆ ಅದರಲ್ಲಿ ಎಷ್ಟು ಗಂಟೆಗೆಂದು ಬರೆದಿದೆ ಎಂಬುದನ್ನು ಸೊಪ್ಪಿನ ಸಾಲಿನಲ್ಲಿ ಯಾರಿಗಾದರೂ ಓದಿ ಹೇಳಿ.