ಲೆಕ್ಕ ಕೇಳದ ಸನ್ಮಾನ

ಸಾರ್ವಜನಿಕ ಸೇವೆಯ ಕುರಿತ ರಾಜಕಾರಣಿಗಳ ಉಪದೇಶವನ್ನು ನಮ್ಮ ಸಮಾಜದ ವೇದಿಕೆಗಳು ಭಕ್ತಿಯಿಂದ ಆಲಿಸುತ್ತವೆ. ಲೆಕ್ಕವನ್ನು ಮಾತ್ರ ಕೇಳುವುದಿಲ್ಲ.

ನಾವು ವಾಸಿಸುವ ಈ ಪುಣೆಯಲ್ಲಿಯೇ 1905ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು ಸ್ಥಾಪಿಸಿದರು. ಅದರ ಸದಸ್ಯರಿಗೆ ಏಳು ಪ್ರತಿಜ್ಞೆಗಳಿದ್ದವು. ಸ್ವಂತಕ್ಕಾಗಿ ಹಣ ಗಳಿಸಲು ಶಕ್ತಿ ವ್ಯಯಿಸಕೂಡದು, ಸಂಸ್ಥೆ ಕೊಟ್ಟಷ್ಟರಲ್ಲಿ ಸಂಸಾರ ನಡೆಸಬೇಕು ಎಂಬುವು ಅವುಗಳಲ್ಲಿ ಸೇರಿದ್ದವು. ಪರಿಗ್ರಹ ಪರಿಮಾಣವನ್ನು ಅಣುವ್ರತವೆಂದು ಎಣಿಸುವ ಶ್ರಾವಕನಿಗೆ ಇದು ಪರಕೀಯ ಮಾತೇ?

ಗೋಖಲೆಯವರು ತ್ಯಾಗಕ್ಕೇ ನಿಲ್ಲಲಿಲ್ಲ. 1902ರ ತಮ್ಮ ಪ್ರಥಮ ಮುಂಗಡಪತ್ರ ಭಾಷಣದಲ್ಲಿ ಸರ್ಕಾರ ಹೆಮ್ಮೆಯಿಂದ ತೋರಿಸಿದ ಉಳಿತಾಯವನ್ನೇ ಪ್ರಶ್ನಿಸಿದರು: ಬರದಿಂದ ಬಳಲಿದ ಜನರಿಂದ ಅಗತ್ಯಕ್ಕಿಂತ ಹೆಚ್ಚು ತೆರಿಗೆ ವಸೂಲಾಗಿದೆಯೆಂಬುದೇ ಅದರ ಅರ್ಥವೆಂದರು, ಉಪ್ಪಿನ ಸುಂಕ ಇಳಿಸಬೇಕೆಂದು ವಾದಿಸಿದರು. ಮರುವರ್ಷ ಅದು ಮಣಕ್ಕೆ ಎರಡೂವರೆ ರೂಪಾಯಿಯಿಂದ ಎರಡಕ್ಕೆ ಇಳಿಯಿತು. ಅಂಕಿಗಳನ್ನು ಓದಬಲ್ಲವನು ಮಾಡಬಹುದಾದ ದೇಶಸೇವೆ ಇದು.

ಅಂಕಿ ಓದುವುದರಲ್ಲಿ ನಮ್ಮ ಸಮಾಜ ಹಿಂದುಳಿದಿಲ್ಲ. ಆದರೂ ಪಂಚಕಲ್ಯಾಣದ ವೇದಿಕೆಯಲ್ಲಿ ಶಾಲು ಹೊದಿಸುವಾಗ ಬಾಯಿ ಕಟ್ಟುತ್ತದೆ. ಅಲ್ಪಸಂಖ್ಯಾತರಿಗೆ ಅಧಿಕಾರಸ್ಥರ ಕೃಪೆ ಬೇಕೆಂಬುದು ಹಿರಿಯರ ಸಮಜಾಯಿಷಿ. 2014ರಲ್ಲಿ ನಮಗೆ ರಾಷ್ಟ್ರಮಟ್ಟದಲ್ಲಿ ದೊರೆತ ಅಲ್ಪಸಂಖ್ಯಾತ ಮಾನ್ಯತೆ ಕಾನೂನಿನ ಹಕ್ಕು. ಯಾರ ಕೃಪೆಯೂ ಅಲ್ಲ. ಹಕ್ಕುಳ್ಳವನು ಯಾಚಕನಂತೆ ನಿಲ್ಲಬೇಕಾಗಿಲ್ಲ.

ಆದರೆ ಪ್ರಶ್ನಿಸುವ ಬಾಯಿ ಶುದ್ಧವಾಗಿರಬೇಕು. ಬಸದಿ, ವಸತಿನಿಲಯಗಳ ನಮ್ಮ ಟ್ರಸ್ಟುಗಳು ಲೆಕ್ಕಪರಿಶೋಧನೆಯಾದ ಆಯವ್ಯಯವನ್ನು ಕಚೇರಿಗೆ ಸಲ್ಲಿಸಿ ಸುಮ್ಮನಾಗದೆ, ದಾನಿಗಳ ಮುಂದೆಯೂ ಇಡಲಿ. ಅನಂತರ ವೇದಿಕೆಯೇರುವ ಜನಪ್ರತಿನಿಧಿಯನ್ನು ಮೊದಲು ಲೆಕ್ಕ ಕೇಳೋಣ, ಶಾಲು ಆಮೇಲೆ.